ಗಂಡಿನ ಕಡೆಯವರು

ಟೂಂಗಾಬಿ, ಸಿಡ್ನಿ
೬ ಮಾರ್ಚ್ ೨೦೨೪

ಪ್ರೀತಿಯ ಅರುಂಧತಿ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರಗಳು. ಉಭಯಕುಶಲೋಪರಿ ಎಂದು ಬರೆಯಲು ಹೋದೆ. ಈ ಕಡೆ ಕುಶಲವಿಲ್ಲದ ಕಾರಣ ಬಿಟ್ಟೆ.

ವಾಟ್ಸಾಪ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದುಕೊಳ್ಳಬೇಡಿ. ಸುಘೋಷ್ ದಿನಾ ಸಂಜೆ ನನ್ನ ಫೋನ್ ತೆಗೆದುಕೊಂಡು ಒಂದೊಂದೇ ಮೆಸೇಜ್ ಓದುತ್ತಾರೆ. ಇದನ್ನು ಕೆಲಸದ ಜಾಗದಲ್ಲಿ, ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಉತ್ತರವನ್ನು ಲಕೋಟೆಯ ಹಿಂದಿರುವ ವಿಳಾಸಕ್ಕೇ ಕಳಿಸಿ. ಅದು ಉಗೋಯೆ ಆಂಟಿಯ ಮನೆ. ನೈಜೀರಿಯಾದವರು, ಇಗ್ಬೊ ಜನ. ಇಲ್ಲಿನ ಚೈಲ್ಡ್‌ಕೇರ್ ಅಡುಗೆಮನೆಗೆ ಅವರು ಯಜಮಾನಿ, ನಾನು ಅವರ ಕೈಕೆಳಗೆ ತರಕಾರಿ ಹೆಚ್ಚುವವಳು.

ಸುತ್ತಿ ಬಳಸಿ ಬರೆಯುವುದಿಲ್ಲ. ಕಳೆದ ಭಾನುವಾರ ನಿಮ್ಮ ತಮ್ಮ ಕುಕ್ಕರಿನ ಮುಚ್ಚಳದಿಂದ ನನ್ನ ತಲೆಗೆ ಹೊಡೆದರು. ನಾನು ಮಾಡಿದ ತಪ್ಪು, ಅಮ್ಮನ ಜತೆ ಫೋನಿನಲ್ಲಿ ಮಾತಾಡುತ್ತಾ ನಕ್ಕದ್ದು. "ಏನ್ ಜೋಕು? ನನ್ ಮೇಲೇ ತಾನೆ?" ಎಂದರು. ಇಲ್ಲ ಎನ್ನುವಷ್ಟರಲ್ಲಿ ಮುಚ್ಚಳ ಬಿತ್ತು. ಕಿವಿಯ ಮೇಲೆ ಐದು ಹೊಲಿಗೆ. ಕಪಾಟಿನ ಬಾಗಿಲು ತಾಗಿತು ಎಂದು ಡಾಕ್ಟರಿಗೆ ಹೇಳಿದೆ. ಮದುವೆಯಾದ ಮೂರು ವರ್ಷದಲ್ಲಿ ಇದು ಎಷ್ಟನೆಯದು ಎಂದು ಕೇಳಬೇಡಿ.

ಉಗೋಯೆ ಆಂಟಿ ಹೊಲಿಗೆ ನೋಡಿ, "ನಿಮ್ಮನೆ ಕಪಾಟಿಗೆ ಕೈ ಇದ್ಯಾ?" ಎಂದರು. ಅವರು ಈರುಳ್ಳಿ ಹೆಚ್ಚುತ್ತಲೇ ತಮ್ಮ ಊರಿನದೊಂದು ಸಂಗತಿ ಹೇಳಿದರು. ಅದನ್ನು ನಿಮಗೆ ಹೇಳದೆ ಇರಲಾರೆ.

ಕೆಂಪು ಮಣ್ಣಿನ ಗೋಡೆಗಳ ಊರು. ಪ್ರತಿ ಮನೆಯ ಹಿಂದೆ ಗೆಣಸನ್ನು ಕಂಬಗಳಿಗೆ ಕಟ್ಟಿ ಒಟ್ಟುವ ಕಣಜ. ಅಲ್ಲೊಬ್ಬ ಗಂಡಸು ತನ್ನ ಬಸುರಿ ಹೆಂಡತಿಯ ಹೊಟ್ಟೆಗೆ ಒದ್ದನಂತೆ. ಮಗು ಹೋಯಿತು. ಭೂಮಿತಾಯಿಯನ್ನು ಅವರು ಆಲಾ ಎನ್ನುತ್ತಾರೆ. ಬಸುರಿಯ ರಕ್ತ ಕೆಡವಿದವನು ಆಲಾಳಿಗೇ ಒದ್ದ ಹಾಗೆ. ಸಂತೆಯ ದಿನ ಒಂದು ಎಳೆ ತಾಳೆಗರಿ, ಎಲ್ಲರೂ ಸೇರಿ ಎಂಬ ಕರೆಯಾಗಿ, ಹೆಂಗಸರ ಕೈಯಿಂದ ಕೈಗೆ ಹೋಯಿತು. ಮರುದಿನ ಬೆಳಿಗ್ಗೆ ನಲವತ್ತು ಜನ ಹೆಂಗಸರು ಮುಖಕ್ಕೆ ಬೂದಿ ಬಳಿದುಕೊಂಡು, ತಲೆಗೆ ಸೊಪ್ಪು ಸುತ್ತಿಕೊಂಡು, ಗೆಣಸು ಕುಟ್ಟುವ ಒನಕೆ ಹಿಡಿದು ಅವನ ಅಂಗಳಕ್ಕೆ ಬಂದು ಕೂತರು. ಅವನು ಮಾಡಿದ್ದನ್ನೆಲ್ಲ ಹಾಡು ಕಟ್ಟಿ ಹಾಡಿದರು. ಅವನು ಹೊರಗೆ ಬಾರದೆ ಹೋದಾಗ ಒನಕೆಯಿಂದ ಗೋಡೆ ಕುಟ್ಟಿ ಉದುರಿಸಿದರು, ಸೂರು ಕಿತ್ತರು, ಅವನನ್ನು ಎಳೆದು ತಂದು ಬಡಿದರು. ಊರಿನ ಗಂಡಸರು ಕೈಕಟ್ಟಿ ನೋಡುತ್ತಿದ್ದರಂತೆ. ಯಾರೂ ಅಡ್ಡ ಬರುವ ಹಾಗಿಲ್ಲ. ಇದಕ್ಕೆ ಗಂಡಸಿನ ಮೇಲೆ ಕೂರುವುದು ಎಂದು ಹೆಸರು. ಆಗ ಉಗೋಯೆ ಆಂಟಿಗೆ ಹತ್ತು ವರ್ಷ, ಮಾವಿನ ಮರ ಹತ್ತಿ ನೋಡಿದ್ದರಂತೆ.

ಕೇಳಿ ನನಗೂ ಧೈರ್ಯ ಬಂತು. ಮೈಸೂರಿಗೆ ಫೋನ್ ಮಾಡಿ, ನೀವೆಲ್ಲ ಬನ್ನಿ ಎಂದೆ. "ಅಷ್ಟು ದೂರ ನಾವ್ ಬಂದು ಏನ್ ಮಾಡೋಕಾಗುತ್ತೆ ಪುಟ್ಟಿ, ಒಂದ್ ಮಗು ಆದ್ರೆ ಸರಿಹೋಗ್ತಾರೆ" ಎಂದರು ಅಮ್ಮ. ನನ್ನ ಕಡೆಯವರ ಕಥೆ ಅಲ್ಲಿಗೆ ಮುಗಿಯಿತು.

ಅಕ್ಕ, ನೀವು ಒಂದು ವಾರ ಬಂದು ಇಲ್ಲಿ ಸುಮ್ಮನೆ ಇದ್ದರೆ ಸಾಕು. ನಿಮ್ಮೆದುರು ಅವರು ಕೈಯೆತ್ತುವುದಿಲ್ಲ. ನಾನು ಬರೆದೆ ಎಂದು ಮಾತ್ರ ಅವರಿಗೆ ಹೇಳಬೇಡಿ.

ನಿಮ್ಮ
ಸಿಂಚನಾ


ಕ್ಲೇಟನ್, ಮೆಲ್ಬರ್ನ್
೧೪ ಮಾರ್ಚ್ ೨೦೨೪

ಸಿಂಚನಾಗೆ ಅರುಂಧತಿಯ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಕ್ಷರ ಮುದ್ದಾಗಿದೆ, ವಿಷಯ ನನಗೆ ಹಿಡಿಸಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಮೊದಲು ನಿನ್ನ ಮೇಲೆ, ಸುಳ್ಳು ಹೇಳುವುದಿಲ್ಲ.

ಅಮ್ಮ ಹೋದಾಗ ಸುಘುಗೆ ನಾಲ್ಕು ವರ್ಷ, ನನಗೆ ಹದಿನೇಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಗಿಟ್ಟವಳು ನಾನು. ಶೂ ಲೇಸ್ ಕಟ್ಟಿ ಸ್ಕೂಲಿಗೆ ಕಳಿಸಿದವಳು ನಾನು. ಈ ದೇಶಕ್ಕೆ ಕರೆಸಿಕೊಂಡವಳೂ ನಾನೇ. ಅವನಿಗೆ ಮೂಗಿನ ತುದಿಯಲ್ಲಿ ಕೋಪ, ಒಪ್ಪುತ್ತೇನೆ. ಅದು ನಮ್ಮ ಅಪ್ಪನಿಂದ ಬಂದದ್ದು. ಆದರೆ ಕೆಟ್ಟವನಲ್ಲ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರಂತೆ, ತಲೆ ಕೆಟ್ಟಿರುತ್ತದೆ. ನೀನು ಎದುರು ಮಾತಾಡುವವಳು, ಅದೂ ನನಗೆ ಗೊತ್ತು. ಸ್ವಲ್ಪ ಹೊಂದಿಕೊಂಡು ಹೋಗು.

ಅಲ್ಲಿಗೆ ಬಂದು ಕೂರು ಎನ್ನುತ್ತೀಯ. ಧಾರೆಯೆರೆದು ಬೇರೆ ಮನೆಗೆ ಕೊಟ್ಟ ಹೆಣ್ಣು ನಾನು. ತಮ್ಮನ ಸಂಸಾರದಲ್ಲಿ ಮೂಗು ತೂರಿಸಿದರೆ ನಮ್ಮ ಯಜಮಾನರೇ ನಗುತ್ತಾರೆ. ಇನ್ನು ನಿನ್ನ ಆಂಟಿಯ ಊರಿನ ಸಂಗತಿ. ನನ್ನ ಹಾಸ್ಪಿಟಲಿನಲ್ಲೂ ಇಬ್ಬರು ಇಗ್ಬೊ ನರ್ಸುಗಳಿದ್ದಾರೆ, ಕೂಗಿ ಮಾತಾಡುತ್ತಾರೆ, ಕೆಲಸ ಅಚ್ಚುಕಟ್ಟು. ಆದರೆ ಗೋಡೆ ಕೆಡವುವ ಹೆಂಗಸರು ಕಥೆಯಲ್ಲಿ ಚೆನ್ನ ಕಣಮ್ಮ. ನಿಮ್ಮದು ರೆಂಟಿನ ಮನೆ.

ನಾನು ಅವನ ಜತೆ ಮಾತಾಡುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ಅವನ ಹತ್ತಿರ ಹೇಗೆ ಮಾತಾಡಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇತಿ,
ಅರುಂಧತಿ


ಟೂಂಗಾಬಿ
೯ ಏಪ್ರಿಲ್ ೨೦೨೪

ಅಕ್ಕ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಈ ಸಲ ಅಕ್ಷರವೂ ಮುದ್ದಾಗಿಲ್ಲ.

ನೀವು ಫೋನ್ ಮಾಡಿದ ದಿನ ಅವನು ನಗುತ್ತಲೇ ಮನೆಗೆ ಬಂದ. "ಅಕ್ಕ ಫೋನ್ ಮಾಡಿದ್ಲು. ಕುಕ್ಕರ್ ಮುಚ್ಚಳ ಎಲ್ಲಾ ಯಾಕೋ ಎತ್ತೋದು ಅಂತ ಬೈದ್ಲು" ಎಂದ. ನೀವು ಮಾತಿನಂತೆ ನನ್ನ ಹೆಸರು ಎತ್ತಲಿಲ್ಲ. ಮುಚ್ಚಳದ ಹೆಸರು ಎತ್ತಿದಿರಿ. ಅದು ಆ ಅಡುಗೆಮನೆಯಲ್ಲಿದ್ದ ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ.

ಫೋನ್ ನೋಡಿದ, ಅದರಲ್ಲಿ ಏನೂ ಇರಲಿಲ್ಲ. "ಲೆಟರ್ ಬರದ್ಯಾ?" ಎಂದ. "ಯಾವ್ ಕೈಲಿ?" ಎಂದ. ಬಲಗೈಯನ್ನು ಹಿಡಿದು ಚಮಚದ ಡ್ರಾಯರಿನ ಅಂಚಿಗೆ ಇಟ್ಟು, ಸೊಂಟದಿಂದ ಡ್ರಾಯರ್ ಮುಚ್ಚಿದ. ತೆಗೆದು ಇನ್ನೊಂದು ಸಲ ಮುಚ್ಚಿದ. ಎರಡು ಬೆರಳು ಮುರಿದವು. ಮುರಿಯುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತಾನೇ ಎಮರ್ಜೆನ್ಸಿಗೆ ಕರೆದುಕೊಂಡು ಹೋದ, ನನ್ನ ಬ್ಯಾಗ್ ಹಿಡಿದುಕೊಂಡು ಪಕ್ಕದಲ್ಲೇ ಕೂತ, ನರ್ಸಿಗೆ ತಾನೇ ಎಲ್ಲ ವಿವರಿಸಿದ. ಬರುವಾಗ ಐಸ್‌ಕ್ರೀಮ್ ಕೊಡಿಸಿದ. ತಿಂದೆ.

ಅವನು, ಬಂದ, ಹೋದ ಎಂದು ಬರೆಯುತ್ತಿದ್ದೇನೆ. ಬಹುವಚನ ಬರೆಯುವಷ್ಟು ಬೆರಳುಗಳಿಲ್ಲ, ಕ್ಷಮಿಸಿ. ಪೊಲೀಸರ ಬಳಿ ಹೋದರೆ ವೀಸಾ ಕ್ಯಾನ್ಸಲ್ ಮಾಡಿಸಿ ಏರ್‌ಪೋರ್ಟಿಗೆ ಬಿಡುತ್ತೇನೆ ಎಂದಿದ್ದಾನೆ.

ಉಗೋಯೆ ಆಂಟಿ ನಿಮ್ಮ ಕಾಗದದಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. ಅವರ ಊರಿನ ಸಂಗತಿಯನ್ನು ನಾನು ತಪ್ಪು ತಿಳಿದುಕೊಂಡಿದ್ದೆ. ಬಂದ ಹೆಂಗಸರು ಏಟು ತಿಂದವಳ ಕಡೆಯವರು ಎಂದುಕೊಂಡು ಅಮ್ಮನಿಗೆ ಫೋನ್ ಮಾಡಿದ್ದೆನಲ್ಲ. ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಅಲ್ಲ ಮಗಳೇ, ನಿನ್ನ ಕಡೆಯವರು ಯಾಕೆ ಬರ್ತಾರೆ? ಮುಂದೆ ನಿಂತಿದ್ದೋರು ಅವನ ಅಕ್ಕಂದಿರು, ಅವನ ದೊಡ್ಡಪ್ಪ ಚಿಕ್ಕಪ್ಪನ ಹೆಣ್ಣುಮಕ್ಕಳು" ಎಂದರು. ಅವರನ್ನು ಉಮುಆದಾ ಎನ್ನುತ್ತಾರಂತೆ, ವಂಶದ ಹೆಣ್ಣುಮಕ್ಕಳು. ಎಲ್ಲಿಗೆ ಮದುವೆ ಮಾಡಿ ಕೊಟ್ಟರೂ ಹುಟ್ಟಿದ ಮನೆಯ ಮೇಲಿನ ಅಧಿಕಾರ ಹೋಗುವುದಿಲ್ಲ. ಆ ಮನೆಯ ಗಂಡಸು ತಪ್ಪು ಮಾಡಿದರೆ ಮೊದಲ ಏಟು ಅವರದೇ.

ನಿಮಗೆ ತಿಳಿದಿರಲಿ ಎಂದು ಬರೆದೆ. ಏನನ್ನೂ ಕೇಳುತ್ತಿಲ್ಲ.

ಸಿಂಚನಾ


ಕ್ಲೇಟನ್
೨೦ ಏಪ್ರಿಲ್ ೨೦೨೪

ಸಿಂಚನಾ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

ಆ ಎರಡು ಬೆರಳು ಮುರಿದದ್ದು ನನ್ನ ಬಾಯಿ. ಜಾಣೆ ಎಂದುಕೊಂಡಿದ್ದೆ. ನಿನ್ನ ಕಾಗದ ಓದಿ ಹಾಸ್ಪಿಟಲಿನಲ್ಲಿ ಎರಡು ಸಲ ರೋಗಿಗಳಿಗೆ ತಪ್ಪು ಊಟದ ಟ್ರೇ ಕಳಿಸಿದೆ, ಸೂಪರ್‌ವೈಸರ್ ಮನೆಗೆ ಹೋಗು ಎಂದಳು. ಬಸ್ಸಿನಲ್ಲಿ ಕೂತು ಅತ್ತೆ.

ಅಪ್ಪನಿಂದ ಬಂದ ಕೋಪ ಎಂದು ಬರೆದಿದ್ದೆ. ಪೂರ್ತಿ ಬರೆಯಲಿಲ್ಲ. ಅಪ್ಪ ಅಮ್ಮನನ್ನು ಬಚ್ಚಲೊಲೆಯ ಸೌದೆಯಿಂದ ಹೊಡೆಯುತ್ತಿದ್ದ. ಪಕ್ಕದ ಮನೆಯವರು ರೇಡಿಯೋ ಜೋರು ಮಾಡುತ್ತಿದ್ದರು. ಸುಘುವನ್ನು ಸೊಂಟಕ್ಕೆ ಹಾಕಿಕೊಂಡು ಹಿತ್ತಲಿಗೆ ಹೋಗಿ, ಅವನಿಗೆ ಕೇಳಿಸಬಾರದೆಂದು ನಾನು ಕಿರುಚಿ ಪದ ಹೇಳುತ್ತಿದ್ದೆ. ಅವನಿಗೆ ಕೇಳಿಸುವುದಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ.

ನಮ್ಮ ಯಜಮಾನರು ಇಲ್ಲಿಯ ಗುರುದತ್ತ ಎಂಬ ವಕೀಲರನ್ನು ಕೇಳಿಕೊಂಡು ಬಂದಿದ್ದಾರೆ. ವೀಸಾ ಕ್ಯಾನ್ಸಲ್ ಮಾಡಿಸಿ ನಿನ್ನನ್ನು ಓಡಿಸುವುದು ಅವನ ಕೈಯಲ್ಲಿಲ್ಲ. ಹೆಂಡತಿಗೆ ಹೊಡೆಯುವವರ ವಿಷಯದಲ್ಲಿ ಇಲ್ಲಿ ಬೇರೆ ಕಾನೂನಿದೆ. ಆ ಹೆದರಿಕೆ ಬಿಡು. ಈಗಲೇ ಪೊಲೀಸರಿಗೆ ಫೋನ್ ಮಾಡುತ್ತೀಯಾದರೆ ಮಾಡು, ನಾನು ನಿನ್ನ ಹಿಂದೆ ಇದ್ದೇನೆ.

ಆಗುವುದಿಲ್ಲ ಎನ್ನುವುದಾದರೆ ನಿನ್ನ ಆಂಟಿಯನ್ನು ಕೇಳು. ಕೂರಲು ಬರುವವರು ಏನೇನು ತರಬೇಕು, ಹೇಗೆ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು. ದೊಡ್ಡಪ್ಪನ ಮಗಳು ಶರ್ಮಿಳಾ ಮೆಲ್ಬರ್ನಿನಲ್ಲೇ, ವೆರಿಬೀಯಲ್ಲಿದ್ದಾಳೆ. ಚಿಕ್ಕಪ್ಪನ ಮಗಳು ತೇಜಸ್ವಿನಿಯೂ ಇಲ್ಲೇ. ಇಬ್ಬರಿಗೂ ನಿನ್ನ ಕಾಗದ ತೋರಿಸಿದೆ. ಶರ್ಮಿಳಾ ಓದಿ ಮುಗಿಸಿ, "ಯಾವತ್ತು ಹೋಗೋದು?" ಎಂದಳು, ಅಷ್ಟೇ.

ಈ ಸಲ ಅವನಿಗೆ ಫೋನ್ ಮಾಡುವುದಿಲ್ಲ.

ಅರುಂಧತಿ


ಟೂಂಗಾಬಿ
೬ ಮೇ ೨೦೨೪

ಅಕ್ಕ,

ಉಗೋಯೆ ಆಂಟಿ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

ಹಗಲು ಹೊತ್ತು ಬನ್ನಿ, ನೆರೆಹೊರೆಯವರು ಮನೆಯಲ್ಲಿರುವಾಗ. ಕೊಟ್ಟದ್ದನ್ನು ತಿನ್ನಬೇಡಿ, ಕುಡಿಯಬೇಡಿ. ಆ ಮನೆಯ ಅನ್ನ ಒಳಗೆ ಹೋದರೆ ಬಾಯಿ ಮೆತ್ತಗಾಗುತ್ತದೆ. ನೆಲದ ಮೇಲೆ ಕೂತುಕೊಳ್ಳಿ. ಅವನು ಮಾಡಿದ್ದನ್ನು ಒಂದೊಂದಾಗಿ, ಅವನ ಹೆಸರು ಹಿಡಿದು ಹಾಡಿ. ನಿಂದಿಸಿ, ನಗಿ, ಗಂಡಸುತನವನ್ನೂ ಬಿಡಬೇಡಿ. ಏಟು ಗೋಡೆಗೆ. ಮೈಮೇಲೆ ಕೈ ಹಾಕುವುದು ಕೊನೆಗೆ, ಅದೂ ಅವನು ಮೊದಲು ಕೈಯೆತ್ತಿದರೆ. ತನ್ನ ಬಾಯಿಂದ ತಪ್ಪಾಯಿತು ಎನ್ನುವವರೆಗೆ ಏಳಬೇಡಿ.

ಅವರು ಹೇಳಿದ ಇನ್ನೊಂದು ಮಾತಿದೆ. ಬಿಟ್ಟುಬಿಡೋಣ ಎನ್ನಿಸಿತ್ತು, ಬರೆಯುತ್ತೇನೆ. ಅವರ ಗಂಡ ತೀರಿಕೊಂಡಾಗ ಇದೇ ಉಮುಆದಾ, ಗಂಡನ ವಂಶದ ಹೆಣ್ಣುಮಕ್ಕಳು, ಅವರ ಮನೆಗೂ ಬಂದರಂತೆ. ನೀನೇ ಕೊಂದೆ ಎಂದರು. ಒಡೆದ ಬಾಟಲಿಯ ಚೂರಿನಿಂದ ತಲೆ ಬೋಳಿಸಿದರು. ಹೆಣ ತೊಳೆದ ನೀರನ್ನು ಕುಡಿದು ನಿರಪರಾಧಿ ಎಂದು ತೋರಿಸು ಎಂದು ಬಾಯಿಗೆ ಹಿಡಿದರು. ಆಂಟಿ ಕುಡಿದರು. ಹೋದ ವಾರ ತಲೆವಸ್ತ್ರ ತೆಗೆದು ಆ ಗಾಯದ ಗೆರೆಗಳನ್ನು ನನಗೆ ತೋರಿಸಿದರು. "ಅದೇ ಕೈಗಳು ಮಗಳೇ. ಒಂದಿನ ನಿನ್ನ ಕಡೆಗೆ, ಒಂದಿನ ನಿನ್ನ ಮೇಲೆ. ಬರೋಳು ಯಾವುದಕ್ಕೆ ಬರ್ತಾಳೆ ಅಂತ ಮೊದ್ಲು ಕೇಳ್ಕೊ" ಎಂದರು. ನಮ್ಮ ಮುತ್ತಜ್ಜಿಗೂ ತಲೆ ಬೋಳಿಸಿದ್ದರು, ಕ್ಷೌರದವನನ್ನು ಕರೆಸಿದ್ದು ಅವರ ನಾದಿನಿಯಂತೆ. ಅದನ್ನು ಆಂಟಿಗೆ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಪಾತ್ರೆ ತೊಳೆದೆವು.

ಅದಕ್ಕೇ ಕೇಳುತ್ತಿದ್ದೇನೆ. ನೀವು ಯಾವುದಕ್ಕೆ ಬರುತ್ತೀರಿ? ತಮ್ಮನಿಗೆ ಬುದ್ಧಿ ಹೇಳಿ, ನನ್ನ ಕೈಯನ್ನು ಅವನ ಕೈಯಲ್ಲಿಟ್ಟು ಹೋಗುವುದಕ್ಕಾದರೆ ಬರಬೇಡಿ.

ಬುಧವಾರ ಅವನು ನನ್ನ ಕತ್ತು ಹಿಡಿದ. ಮೊದಲೆಲ್ಲ ಹೊಡೆಯುವಾಗ ಕೂಗುತ್ತಿದ್ದ, ಈಗ ಮಾತೇ ಇಲ್ಲ. ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಬಾತ್‌ರೂಮಿನ ನೆಲದಲ್ಲಿದ್ದೆ, ಬಟ್ಟೆ ಒದ್ದೆಯಾಗಿತ್ತು. ಅವನು ಆಚೆ ಕೂತು ಕ್ರಿಕೆಟ್ ನೋಡುತ್ತಿದ್ದ. ಮುಂದಿನ ಸಲ ಎಚ್ಚರವಾಗುತ್ತದೋ ಇಲ್ಲವೋ, ಹೇಳಲಾರೆ. ನಾನು ಸಾಯಲು ತಯಾರಿಲ್ಲ ಅಕ್ಕ.

ಶನಿವಾರ ಬೆಳಿಗ್ಗೆ ಅವನು ಮನೆಯಲ್ಲೇ ಇರುತ್ತಾನೆ. ನನ್ನ ಪಾಸ್‌ಪೋರ್ಟ್ ಈಗ ಉಗೋಯೆ ಆಂಟಿಯ ಹತ್ತಿರ ಇದೆ.

ಸಿಂಚನಾ


ಕ್ಲೇಟನ್
೧೩ ಮೇ ೨೦೨೪

ಸಿಂಚನಾ,

ನಿನ್ನನ್ನು ಆಚೆಗೆ ಕರೆದುಕೊಂಡು ಹೋಗುವುದಕ್ಕೆ ಬರುತ್ತೇವೆ. ಈ ಶನಿವಾರ, ಹದಿನೆಂಟು, ಬೆಳಿಗ್ಗೆ. ಶೂ ಹಾಕಿಕೊಂಡಿರು.

ಅರುಂಧತಿ


ಕ್ಲೇಟನ್
೮ ಆಗಸ್ಟ್ ೨೦೨೪

ಸುಘೋಷ,

ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ, ಅದಕ್ಕೇ ಕಾಗದ. ನಿನ್ನ ಸ್ನೇಹಿತ ಶ್ರೀನಾಥ್ ಮನೆಗೆ ಬಂದಿದ್ದ. ಒಳ್ಳೆಯ ಹುಡುಗ, ತಲೆ ತಗ್ಗಿಸಿಕೊಂಡೇ ಮಾತಾಡಿದ. "ಅಕ್ಕ ಏನೂ ನೋಡ್ಲಿಲ್ಲ ಅಂದ್ಬಿಟ್ರೆ ಸಾಕಂತೆ. ತನ್ನ ಕೈ ಮುರಿದಿದ್ದರ ಕಂಪ್ಲೇಂಟನ್ನ ಸುಘೋಷ್ ವಾಪಸ್ ತಗೋತಾನಂತೆ" ಎಂದ. ನೀನು ಅವನಿಗೆ ಹೇಳಿರುವ ಕಥೆಯಲ್ಲಿ ಮೂರು ಜನ ಹುಚ್ಚಿಯರು ಬಂದು ನಿನ್ನನ್ನು ಬಡಿದು ಹೋದರು, ಅಷ್ಟೇ ಇದೆ. ಅದಕ್ಕಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದೇ ಮಾತುಗಳನ್ನು ಕೋರ್ಟಿನಲ್ಲಿ ಹೇಳುವವಳು, ಮೊದಲು ನೀನೇ ಓದಿಕೋ.

ನಾವು ಬಂದಾಗ ಎಂಟೂವರೆ. ವೆರಿಬೀಯಲ್ಲಿ ಒಲೆಯ ಬೂದಿ ಎಲ್ಲಿಂದ ಬರಬೇಕು, ಶರ್ಮಿಳಾ ದೇವರ ಮನೆಯ ವಿಭೂತಿಯನ್ನೇ ತಂದು ನಿಮ್ಮ ಬೀದಿಯ ತಿರುವಿನಲ್ಲಿ ಮೂವರ ಮುಖಕ್ಕೂ ಬಳಿದಿದ್ದಳು. ನೀನು ಬಾಗಿಲು ತೆಗೆದು ನಕ್ಕೆ. "ಏನಕ್ಕಾ ಇದು, ಫ್ಯಾನ್ಸಿ ಡ್ರೆಸ್ಸಾ? ಕಾಫಿ ಮಾಡಿಸ್ಲಾ?" ಎಂದೆ. ನಾವು ಬೇಡ ಎಂದು ಹಾಲಿನ ನೆಲದ ಮೇಲೆ ಕೂತೆವು. ಬಾಗಿಲು ತೆರೆದೇ ಇಟ್ಟೆವು. ಶರ್ಮಿಳಾ ಬೀಗರ ಹಾಡಿನ ಧಾಟಿ ಎತ್ತಿದಳು. ಮದುವೆಯಲ್ಲಿ ಗಂಡಿನ ಕಡೆಯವರನ್ನು ಹಂಗಿಸಲು ಹೆಣ್ಣಿನ ಕಡೆಯವರು ಹಾಡುವ ಹಾಡು ಅದು. ಗಂಡಿನ ಕಡೆಯವರೇ ಹಾಡಿದ್ದು ಅವತ್ತೇ ಮೊದಲಿರಬೇಕು. ಮುಚ್ಚಳದ ಶೂರ, ಡ್ರಾಯರಿನ ಧೀರ, ಹೆಂಡತಿ ನಕ್ಕರೆ ಹೆದರುವ ವೀರ ಎಂದು ಅವಳು ಹಾಡಿದಳು, ನಾವು ಸೊಲ್ಲು ಎತ್ತಿದೆವು. ತೇಜಸ್ವಿನಿ ಲಟ್ಟಣಿಗೆಯಿಂದ ಗೋಡೆ ಕುಟ್ಟಿದಳು. ಇಲ್ಲಿಯ ಗೋಡೆ ಬರೀ ರಟ್ಟು, ಮೂರನೆಯ ಏಟಿಗೇ ತೂತು ಬಿತ್ತು.

ಎದುರು ಮನೆಯವರು ಹೊರಗೆ ಬಂದು ನಿಂತರು. ಆಗ ನಿನ್ನ ನಗು ಹೋಯಿತು. "ಅಕ್ಕಾ ಪ್ಲೀಸ್, ನೈಬರ್ಸ್ ನೋಡ್ತಿದಾರೆ, ಮಾನ ಮರ್ಯಾದೆ ಇಲ್ವಾ" ಎಂದೆ. "ತಪ್ಪಾಯ್ತು ಅನ್ನು. ಅವಳ ಮುಂದೆ ಅನ್ನು. ಅವಳನ್ನ ಕರ್ಕೊಂಡು ಹೋಗ್ತೀವಿ" ಎಂದೆ ನಾನು. ಸಿಂಚನಾ ಕೋಣೆಯಿಂದ ಬಂದು ಫ್ರಿಜ್ಜಿನ ಪಕ್ಕ ನಿಂತಿದ್ದಳು. ಶೂ ಹಾಕಿಕೊಂಡಿದ್ದಳು. ನೀನು ಅವಳ ಕಾಲು ನೋಡಿದೆ. ಅದೊಂದೇ ನಿನಗೆ ಸಾಕಾಯಿತು.

ನಮ್ಮನ್ನು ದಾಟಿಕೊಂಡು ಹೋಗಿ ಅವಳ ಕತ್ತಿಗೆ ಕೈ ಹಾಕಿದೆ. ಮೂವರು ಅಕ್ಕತಂಗಿಯರ ಎದುರು, ಹಗಲು ಬೆಳಕಿನಲ್ಲಿ. ಎರಡೂ ಕೈ. ಅವಳ ಹಿಮ್ಮಡಿ ನೆಲ ಬಿಟ್ಟಿತ್ತು. ಅವಳು ನಿನ್ನ ಮುಖ ಪರಚಿದಳು, ನಿನಗೆ ಗೊತ್ತಾಗಲಿಲ್ಲ. ತುಟಿ ನೀಲಿಯಾಯಿತು. ನಾನು ಸುಘು ಎಂದು ಮೂರು ಸಲ ಕೂಗಿದೆ. ನೀನು ತಿರುಗಲೂ ಇಲ್ಲ. ನನ್ನ ಕೈಯಲ್ಲಿ ಮುದ್ದೆ ತಿರುವುವ ಕೋಲಿತ್ತು. ಮೊದಲ ಏಟು ಭುಜಕ್ಕೆ ಹಾಕಿದೆ, ನೀನು ಬಿಡಲಿಲ್ಲ. ಎರಡನೆಯದನ್ನು ಮೊಣಕೈ ಕೆಳಗೆ ನನ್ನಲ್ಲಿದ್ದ ಶಕ್ತಿಯೆಲ್ಲ ಹಾಕಿ ಹೊಡೆದೆ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಆಗ ನೀನು ಅವಳನ್ನು ಬಿಟ್ಟೆ. ಬಿಟ್ಟು ಇನ್ನೊಂದು ಕೈಯಿಂದ ನನ್ನ ಬಾಯಿಗೆ ಗುದ್ದಿದೆ, ಮುಂದಿನ ಹಲ್ಲು ಹೋಯಿತು. ಪೊಲೀಸರು ಬರುವವರೆಗೆ ಶರ್ಮಿಳಾ ಮತ್ತು ತೇಜಸ್ವಿನಿ ನಿನ್ನ ಮೇಲೆ ಕೂತಿದ್ದರು. ನಿಜವಾಗಿಯೂ ಮೇಲೆ.

ಉಗೋಯೆಯ ಊರಿನಲ್ಲಾದರೆ ನೀನು ತಪ್ಪೊಪ್ಪಿಕೊಂಡು, ಮೇಕೆ ಕೊಟ್ಟು, ಎಲ್ಲರೂ ಮನೆಗೆ ಹೋಗುತ್ತಿದ್ದೆವಂತೆ. ಅಲ್ಲಿ ಇಡೀ ಊರು ಕಿವಿಗೊಟ್ಟಿರುತ್ತದೆ. ಇಲ್ಲಿ ನಾವು ಮೂರೇ ಜನ ಇದ್ದೆವು, ಸಾಲಲಿಲ್ಲ. ಅದಕ್ಕೆ ಕೋರ್ಟು.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅಮ್ಮ ಜ್ವರ ಬಂದು ಸತ್ತಳು ಎಂದು ನಿನ್ನನ್ನು ಬೆಳೆಸಿದೆ. ಅಪ್ಪ ಅವಳ ಜುಟ್ಟು ಹಿಡಿದು ತಲೆಯನ್ನು ಒರಳಿಗೆ ಹೊಡೆದ. ಎರಡು ಸಲ. ನಾನು ಬಾಗಿಲಲ್ಲಿ ನಿಂತಿದ್ದೆ, ನೀನು ನನ್ನ ಸೊಂಟದ ಮೇಲಿದ್ದೆ. ಪೊಲೀಸರು ಬಂದು, "ಏನ್ ನೋಡ್ದೆ ಹೇಳಮ್ಮ" ಎಂದರು. ದೊಡ್ಡಪ್ಪ ನನ್ನ ಹಿಂದೆ ನಿಂತು ಭುಜ ಅದುಮಿದರು. ಜಾರಿ ಬಿದ್ದಳು ಎಂದೆ. ಮಗುವನ್ನು ಸಾಕಲು ಅಪ್ಪ ಬೇಕಲ್ಲ ಎಂದುಕೊಂಡೆ. ಹಾಗೆ ನಿನ್ನನ್ನು ಸಾಕಿದೆ. ಹಾಗೆ ಸಾಕಿದ್ದಕ್ಕೇ ನೀನು ಹೀಗಾದೆಯೋ ಏನೋ, ನನಗೆ ಗೊತ್ತಿಲ್ಲ. ಗೊತ್ತಾದರೂ ಸಿಂಚನಾಗೆ ಅದರಿಂದ ಏನೂ ಆಗಬೇಕಾದದ್ದಿಲ್ಲ. ಅವಳು ಎಲ್ಲಿದ್ದಾಳೆ ಎಂದು ಶ್ರೀನಾಥನ ಮೂಲಕ ಕೇಳಿಸಬೇಡ.

ನಿನ್ನ ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳಬೇಡ. ಕೈ ಮುರಿದವಳು ನಾನೇ ಎಂದು ಹೇಳುತ್ತೇನೆ. ಯಾಕೆ ಎಂದು ಕೇಳುತ್ತಾರೆ, ಅದನ್ನೂ ಹೇಳುತ್ತೇನೆ. ಇಂಟರ್‌ಪ್ರಿಟರ್ ಬೇಕೇ ಎಂದು ಕೇಳಿದರು, ಬೇಕು ಎಂದಿದ್ದೇನೆ. ಕನ್ನಡದಲ್ಲೇ ಹೇಳುತ್ತೇನೆ, ನಿನಗೆ ಅಕ್ಷರ ಅಕ್ಷರ ಅರ್ಥವಾಗಲಿ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೇಸು ತೆಗೆದುಕೊಳ್ಳುತ್ತಾರಂತೆ. ಇಡೀ ದಿನ ಆಗಬಹುದು. ಖಾಲಿ ಹೊಟ್ಟೆಯಲ್ಲಿ ಬರಬೇಡ, ಏನಾದರೂ ತಿಂದುಕೊಂಡು ಬಾ.

ನಿನ್ನ ಅಕ್ಕ,
ಅರುಂಧತಿ